ತಮ್ಮನ ಕುಡಿತ ಬಿಡಿಸಬೇಕು, ಮೊದಲು ಎಲ್ಲಿಗೆ ಕರೆದುಕೊಂಡು ಹೋಗಲಿ?

ಎಲ್ಲರಿಗೂ ನಮಸ್ಕಾರ. ನಾವು ತಿಪಟೂರು ಕಡೆಯವರು. ತಮ್ಮನಿಗೆ 34 ವರ್ಷ, ಗಾರೆ ಕೆಲಸ. ಹೋದ ವರ್ಷ ಧರ್ಮಸ್ಥಳ ಯೋಜನೆಯವರ 8 ದಿನದ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ. ನಾಲ್ಕು ತಿಂಗಳು ಒಂದು ಹನಿ ಮುಟ್ಟಲಿಲ್ಲ, ಶಿಬಿರ ಮುಗಿಸಿ ಕುಡಿತ ಬಿಟ್ಟವರ ನವಜೀವನ ಸಮಿತಿ ಸಭೆಗೂ ಹೋಗುತ್ತಿದ್ದ. ಊರಹಬ್ಬದಲ್ಲಿ ಮತ್ತೆ ಶುರುವಾಯಿತು.

ಈಗ ಬೆಳಗ್ಗೆ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅರ್ಧ ಲುಂಗಿ ಮೇಲೆ ಚೆಲ್ಲುತ್ತದೆ. ಹೋದ ತಿಂಗಳು ತಾನೇ ಹಟ ಹಿಡಿದು ನಿಲ್ಲಿಸಿದ. ಎರಡನೇ ದಿನ ಫಿಟ್ಸ್ ಬಂತು. ಮನೆಯಲ್ಲಿ ಹೀಗೆ ಒಮ್ಮೆಲೇ ನಿಲ್ಲಿಸಬಾರದು, ಅಡ್ಮಿಟ್ ಮಾಡಿಯೇ ಬಿಡಿಸಬೇಕು ಎಂದರು ಡಾಕ್ಟರು.

ಒಂದು ಖಾಸಗಿ ಕೇಂದ್ರಕ್ಕೆ ಫೋನ್ ಮಾಡಿದೆ. ರಾತ್ರಿ ಗಾಡಿ ಕಳಿಸಿ ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ಯಾರೂ ನೋಡುವಂತಿಲ್ಲ ಅಂದರು. ಕಳ್ಳನನ್ನು ಹಿಡಿಯುವ ಹಾಗೆ! ಅವನೇ ಬರುತ್ತೇನೆ ಅನ್ನುತ್ತಿದ್ದಾನಲ್ಲಾ. ಡಾಕ್ಟರ್ ಇದ್ದಾರಾ ಅಂತ ಕೇಳಿದರೆ ಸರಿಯಾದ ಉತ್ತರವಿಲ್ಲ.

ಅಮ್ಮ ಮತ್ತೆ ಶಿಬಿರಕ್ಕೇ ಕಳಿಸೋಣ ಅನ್ನುತ್ತಾರೆ. ನನಗೆ ಫಿಟ್ಸ್‌ನದೇ ಭಯ, ಮೊದಲು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಆಮೇಲೆ ಶಿಬಿರ ಅನ್ನಿಸುತ್ತಿದೆ.

ನಿಮ್ಹಾನ್ಸ್‌ನ ವ್ಯಸನ ವಿಭಾಗಕ್ಕೆ ನೇರವಾಗಿ ಹೋದರೆ ಅಂದೇ ಸೇರಿಸಿಕೊಳ್ಳುತ್ತಾರಾ, ಕಾಯಬೇಕಾ? ಅಲ್ಲಿಂದ ಬಂದ ಮೇಲೆ ಒಂದೆರಡು ತಿಂಗಳು ಇಟ್ಟುಕೊಳ್ಳುವ, ಡಾಕ್ಟರ್ ಇರುವ ಟ್ರಸ್ಟ್ ಕೇಂದ್ರ ತುಮಕೂರು, ಹಾಸನ ಕಡೆ ಯಾವುದಾದರೂ ಇದೆಯಾ? ನಿಮ್ಮ ಮನೆಯವರನ್ನು ಸೇರಿಸಿದ್ದರೆ ದಯವಿಟ್ಟು ತಿಳಿಸಿ.