ಖೋಖೋ: ತಾಲ್ಲೂಕು ಗೆದ್ದ ಬಾಲಕಿಯರು ಜಿಲ್ಲೆಗೆ, ಅಂಕಣ ಮಾತ್ರ ಹಳೆಯ ಅಳತೆಯದ್ದು

ಪ್ರಶ್ನೆ (ಪ್ರೌಢಶಾಲೆ_ಪಿಇ):
ಸರ್ಕಾರಿ ಪ್ರೌಢಶಾಲೆಯ 17 ವರ್ಷದೊಳಗಿನ ಬಾಲಕಿಯರ ಖೋಖೋ ತಂಡ ತಾಲ್ಲೂಕು ಮಟ್ಟದಲ್ಲಿ ಗೆದ್ದಿದೆ, ಮುಂದಿನದು ಜಿಲ್ಲಾ ಮಟ್ಟ. ಶಾಲೆಯ ಅಂಕಣ 29 × 16 ಮೀಟರ್, ಮರದ ಕಂಬಗಳು, ನೆಲ ಎರೆಮಣ್ಣಿನದು. ಹೊಸ ಅಳತೆಗೆ ತರಲು ಏನೇನು ಬದಲಿಸಬೇಕು? ಉಳಿದಿರುವ ಮೂರು ವಾರದಲ್ಲಿ ಯಾವ ಅಭ್ಯಾಸಕ್ಕೆ ಒತ್ತು ಕೊಡಬೇಕು?

ಅಂಕಣ_ಗೆರೆ:
ಈಗಿನ ಅಂಕಣ 27 × 16 ಮೀಟರ್. ಕಂಬದಿಂದ ಕಂಬಕ್ಕೆ 24 ಮೀಟರ್, ಎರಡೂ ತುದಿಗೆ ತಲಾ 1.5 ಮೀಟರ್ ಮುಕ್ತ ವಲಯ. ಹಳೆಯದರಲ್ಲಿ ಕಂಬಗಳ ನಡುವೆ 23.5 ಮೀಟರ್ ಇತ್ತು. ಹಾಗಾಗಿ ಪ್ರತಿ ಕಂಬವನ್ನು 25 ಸೆಂ.ಮೀ. ಹೊರಗೆ ಸರಿಸಬೇಕು. ಚೇಸರ್‌ಗಳು (ಅಟ್ಟಿ ಮುಟ್ಟುವವರು) ಕೂರುವ ಚೌಕಗಳ ನಡುವಿನ ಅಂತರ ಮೊದಲಿನಂತೆ 2.30 ಮೀಟರೇ. ಆದರೆ ಚೌಕ ಈಗ 30 × 35 ಸೆಂ.ಮೀ.

ಮೊದಲು ಮೂಲೆಗಳನ್ನು ಸರಿ ಮಾಡಿಕೊಳ್ಳಿ. ಕರ್ಣ ಎರಡೂ ಕಡೆ 31.38 ಮೀಟರ್ ಬಂದರೆ ಆಯತ ಸರಿಯಿದೆ, 2–3 ಸೆಂ.ಮೀ.ಗಿಂತ ಹೆಚ್ಚು ತಪ್ಪಿದರೆ ಗೂಟ ಕಿತ್ತು ಮತ್ತೆ ಹೊಡೆಯಿರಿ. ಆಮೇಲೆ ಟೇಪಿನ ಸೊನ್ನೆಯನ್ನು ಒಂದು ಕಂಬದ ಗೆರೆಯ ಮೇಲಿಟ್ಟು, ಟೇಪು ಎತ್ತದೆ ಎಂಟೂ ಚೌಕಗಳ ಆರಂಭ ಗುರುತಿಸಿ: 2.55, 5.20, 7.85, 10.50, 13.15, 15.80, 18.45, 21.10. ಪ್ರತಿಯೊಂದಕ್ಕೂ 35 ಸೆಂ.ಮೀ. ಸೇರಿಸಿದರೆ ಆ ಚೌಕದ ಕೊನೆ. ಎಂಟನೆಯದು 21.45ಕ್ಕೆ ಮುಗಿದು ಎದುರು ಕಂಬಕ್ಕೆ 2.55 ಉಳಿಯಬೇಕು. ಒಂದು ಚೌಕದಿಂದ ಮುಂದಿನದಕ್ಕೆ ಬಿಡಿಬಿಡಿಯಾಗಿ ಅಳೆದರೆ ಸಣ್ಣ ತಪ್ಪುಗಳೆಲ್ಲ ಕೂಡಿ ಕೊನೆಯ ಚೌಕ ಹತ್ತು ಸೆಂಟಿಮೀಟರ್ ಜಾರಿರುತ್ತದೆ.

ಕಂಬದಿಂದ ಕಂಬಕ್ಕೆ ಹೋಗುವ ಮಧ್ಯ ಪಟ್ಟಿಯ ಅಗಲ 30 ಸೆಂ.ಮೀ., ಅದರ ಎರಡೂ ಬದಿಗೆ 7.85 ಮೀಟರ್. ಕಂಬದ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ: ಕಂಬದ ನಡುಭಾಗ ಗೆರೆಯ ಮೇಲೆ ಬರಬಾರದು, ಕಂಬ ಮುಕ್ತ ವಲಯದೊಳಗೆ ನಿಂತು ಗೆರೆಗೆ ತಾಗಿಕೊಂಡಿರಬೇಕು. ನೆಲದ ಮೇಲೆ 120ರಿಂದ 125 ಸೆಂ.ಮೀ. ಎತ್ತರ, 9ರಿಂದ 10 ಸೆಂ.ಮೀ. ವ್ಯಾಸ. ದಾರ ಸುತ್ತಿ ಅಳೆದರೆ ಸುತ್ತಳತೆ 28.5ರಿಂದ 31 ಸೆಂ.ಮೀ. ಒಳಗಿರಲಿ. ಉಜ್ಜುಕಾಗದದಿಂದ ಸೀಳೆಲ್ಲ ತೆಗೆಯಿರಿ, ಮೇಲಂಚು ದುಂಡಗಿರಲಿ, ಕಬ್ಬಿಣದ ಪಟ್ಟಿ ಬೇಡ.

ಮಣ್ಣು_ಮೈದಾನ:
ಎರೆಮಣ್ಣು ಒಣಗಿದರೆ ಬಿರುಕು, ನೆಂದರೆ ಅಂಟು. ಮೇಲಿನ ಎರಡು ಮೂರು ಇಂಚು ಕೆರೆದು, ಜರಡಿ ಹಿಡಿದ ಕೆಂಪು ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ಹಾಕಿ, ರೋಲರ್ ಎಳೆಯಿರಿ. ನೀರು ಹಿಂದಿನ ಸಂಜೆಯೇ ಚಿಮುಕಿಸಿ. ಬೆಳಿಗ್ಗೆ ಹಾಕಿದರೆ ಕಂಬದ ಸುತ್ತ, ಅಂದರೆ ಹುಡುಗಿಯರು ರಭಸದಿಂದ ತಿರುಗುವ ಕಡೆಯೇ, ಜಾರುತ್ತದೆ. ಗೆರೆಗೆ ಸುಟ್ಟ ಸುಣ್ಣವನ್ನು ದಯವಿಟ್ಟು ಬಳಸಬೇಡಿ. ಡೈವ್ ಮಾಡುವ ಮಕ್ಕಳ ಕಣ್ಣಿಗೆ ಅದು ನಿಜಕ್ಕೂ ಅಪಾಯ. ರಂಗೋಲಿ ಪುಡಿ ಸಾಕು.

ಸೀಟಿ_ಪಂಚ:
ಮೂರು ವಾರದಲ್ಲಿ ಓಟದ ವೇಗ ದೊಡ್ಡದಾಗಿ ಏರುವುದಿಲ್ಲ, ಫೌಲ್ ಮಾತ್ರ ಖಂಡಿತ ಇಳಿಸಬಹುದು. ಚೇಸಿಂಗ್‌ನಲ್ಲಿ ಸಾಮಾನ್ಯವಾಗಿ ಬೀಳುವವು ಮೂರು: ಬೆನ್ನು ಮುಟ್ಟುವ ಮುನ್ನವೇ ‘ಖೋ’ ಕೂಗುವುದು, ಖೋ ಸಿಗುವ ಮೊದಲೇ ಕೂತವಳು ಏಳುವುದು, ಎದ್ದವಳ ಕಾಲು ಮಧ್ಯ ಪಟ್ಟಿ ದಾಟುವುದು. ಫೌಲ್ ಆದಾಗ ಚೇಸರ್ ವಿರುದ್ಧ ದಿಕ್ಕಿಗೆ ಹೋಗಬೇಕು, ಅಷ್ಟರಲ್ಲಿ ರನ್ನರ್ ಕೈತಪ್ಪಿ ಹೋಗಿರುತ್ತಾಳೆ. ದಿನಕ್ಕೆ 20 ನಿಮಿಷ ರನ್ನರ್ ಇಲ್ಲದೆ ಬರೀ ಖೋ ಕೊಡಿಸಿ, ಮೊದಲು ನಡೆಯುತ್ತಾ, ಆಮೇಲೆ ಓಡುತ್ತಾ. ಕೂರುವಾಗ ಬುಲೆಟ್ ಟೋ ರೀತಿಯಲ್ಲಿ ಒಂದು ಕಾಲು ಹಿಂದಿದ್ದರೆ ಮುನ್ನುಗ್ಗುವುದು ಸುಲಭ. ಎರಡೂ ಕಡೆ ಸಮನಾಗಿ ತಿರುಗುವವರಿಗೆ ಪ್ಯಾರಲಲ್ ಟೋ, ಅಂದರೆ ಎರಡೂ ಪಾದ ಸಾಲಾಗಿಟ್ಟು ಕೂರುವುದು, ಒಗ್ಗುತ್ತದೆ. ಎಲ್ಲರಿಗೂ ಒಂದೇ ಭಂಗಿ ಹೇರಬೇಡಿ.

ಇನ್ನೊಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಭಾರತದ ಎರಡೂ ತಂಡಗಳು ಗೆದ್ದ ಮೇಲೆ ಮಕ್ಕಳು ಆ ವಿಡಿಯೊ ನೋಡಿ ಕಲಿಯುತ್ತಾರೆ, ಸಂತೋಷವೇ. ಆದರೆ ಅಲ್ಲಿನ ‘ವಜೀರ್’ ಎಂಬ ವಿಶೇಷ ಚೇಸರ್ ಯಾವ ದಿಕ್ಕಿಗಾದರೂ ಓಡಬಹುದು. ನಿಮ್ಮ ಹುಡುಗಿಯರು ಆಡುವ ಒಂಬತ್ತು ಜನರ ಆಟದಲ್ಲಿ ವಜೀರ್ ಇಲ್ಲ. ದಿಕ್ಕು ಹಿಡಿದ ಮೇಲೆ ಕಂಬ ದಾಟುವವರೆಗೆ ತಿರುಗಿದರೆ ಫೌಲ್.

ಪ್ರೌಢಶಾಲೆ_ಪಿಇ:
ರನ್ನರ್‌ಗಳ ಮೂರು ಮೂರು ಜನರ ತಂಡವನ್ನು ಹೇಗೆ ಜೋಡಿಸಲಿ?

ಸೀಟಿ_ಪಂಚ:
ಒಂಬತ್ತು ಜನರಲ್ಲಿ ಚೆನ್ನಾಗಿ ಓಡುವ ಮೂವರನ್ನೂ ಮೊದಲ ಸರದಿಗೇ ಹಾಕಬೇಡಿ. ಪ್ರತಿ ಸರದಿಯಲ್ಲೂ ಸರಪಳಿ ಓಟ (ಕೂತವರ ನಡುವೆ ಅಂಕುಡೊಂಕಾಗಿ ಓಡುವುದು) ಬಲ್ಲವಳು ಒಬ್ಬಳು ಇರಲಿ. ಚೇಸರ್ ದೂರವಿದ್ದಾಗ ಉಳಿದಿಬ್ಬರು ಒಂದೇ ಕಂಬದ ಬಳಿ ಗುಂಪಾಗಬಾರದು, ಚೇಸರ್ ಕಂಬ ಹಿಡಿದು ಮೈಚಾಚಿ ಮುಟ್ಟುವ ಪೋಲ್ ಡೈವ್‌ಗೆ ಇಬ್ಬರೂ ಒಟ್ಟಿಗೆ ಔಟಾಗಿಬಿಡುತ್ತಾರೆ. ಮೂರನೆಯವಳು ಔಟಾದ ಕೂಡಲೇ, ಎದುರಾಳಿಗಳು ಎರಡು ಖೋ ಕೊಡುವುದರೊಳಗೆ ಮುಂದಿನ ಮೂವರೂ ಅಂಕಣದೊಳಗೆ ಇರಬೇಕು, ತಡವಾದವರು ಔಟ್. ಅದಕ್ಕೆ ಮುಂದಿನ ಮೂವರನ್ನು ಪ್ರವೇಶದ ಕಡೆ ಎದ್ದು ನಿಲ್ಲಿಸಿಯೇ ಇಡಿ, ಕೂರಿಸಬೇಡಿ.