ಆಶ್ರಯ ಸಿಗದ ಸಿಖ್ ಹುಡುಗನಿಗೆ ‘ಬೆಂಗಳೂರಿಗೆ ಹೋಗು’ ಅಂದರೆ? ವಕೀಲರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ಬೇಸ್‌ಮೆಂಟ್‌ನಲ್ಲಿ ಬಾಡಿಗೆಗೆ ಇರುವ ಸರ್ದಾರ್ ಹುಡುಗನ ರೆಫ್ಯೂಜಿ ಅರ್ಜಿ ತಿರಸ್ಕಾರ ಆಗಿದೆ. ಪಂಜಾಬಿನಲ್ಲಿ ಅವನ ಚಿಕ್ಕಪ್ಪನ ಮಗನನ್ನು ಹುಡುಕುತ್ತಾ ಬಂದ ಪೊಲೀಸರು ಇವನನ್ನು ಎರಡು ಸಲ ಠಾಣೆಗೆ ಎಳೆದುಕೊಂಡು ಹೋಗಿ ಹೊಡೆದಿದ್ದಾರಂತೆ, ಅಂಗಾಲಲ್ಲಿ ಇನ್ನೂ ಗುರುತಿದೆ. ಅರ್ಜಿ ವಿಚಾರಿಸಿದ ರೆಫ್ಯೂಜಿ ಬೋರ್ಡ್‌ನವರು ಅದನ್ನು ನಂಬಿದ್ದಾರೆ. ಆದರೂ ‘ಪಂಜಾಬ್‌ಗೆ ಹೋಗಬೇಡ, ಮುಂಬೈನಲ್ಲೋ ಬೆಂಗಳೂರಿನಲ್ಲೋ ಇರು’ ಅಂತ ಬರೆದಿದ್ದಾರೆ. ನಾವು ಮಲ್ಲೇಶ್ವರದವರು. ನಮ್ಮೂರಲ್ಲಿ ಸಿಖ್ಖರಿಗೆ ಯಾರು ಏನು ಮಾಡುತ್ತಾರೆ? ಹಲಸೂರು ಕೆರೆ ಪಕ್ಕ ದೊಡ್ಡ ಗುರುದ್ವಾರವೇ ಇದೆ ಅಲ್ವಾ?

ಉತ್ತರ: ಬೆಂಗಳೂರಿನ ಜನ ಏನು ಮಾಡುತ್ತಾರೆ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಪಂಜಾಬಿನ ಪೊಲೀಸರು ಅವನನ್ನು ಅಲ್ಲಿವರೆಗೆ ಹುಡುಕಿಕೊಂಡು ಬರುತ್ತಾರಾ, ಬರುವಷ್ಟು ಕಾರಣ ಅವರಿಗಿದೆಯಾ ಅನ್ನೋದು ಪ್ರಶ್ನೆ.

ಸ್ವಂತ ದೇಶದೊಳಗೇ ಸುರಕ್ಷಿತ ಜಾಗ ಇದ್ದರೆ ಕೆನಡಾ ಆಶ್ರಯ ಕೊಡುವುದಿಲ್ಲ. ಇದಕ್ಕೆ 1991ರ ರಸರತ್ನಂ ಕೇಸು ಆಧಾರ, ಶ್ರೀಲಂಕಾದ ತಮಿಳರೊಬ್ಬರದು. ಎರಡು ವಿಷಯ ನೋಡುತ್ತಾರೆ. ಆ ಊರಿನಲ್ಲಿ ಕಿರುಕುಳ ಆಗುವ ಗಂಭೀರ ಸಾಧ್ಯತೆ ಇದೆಯಾ? ಇಲ್ಲ ಅಂದರೆ, ಅಲ್ಲಿ ಹೋಗಿ ಬದುಕು ಅನ್ನೋದು ನ್ಯಾಯವಾ? ಪಂಜಾಬಿನ ಕೇಸುಗಳು ಜಾಸ್ತಿ ಬೀಳುವುದು ಇಲ್ಲೇ.

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹಿಡಿದರೆ ಏನಾಗುತ್ತದೆ, ನಿಮಗೇ ಗೊತ್ತು. ಓನರ್ ಆಧಾರ್ ಜೆರಾಕ್ಸ್ ಕೇಳುತ್ತಾರೆ, ಎಷ್ಟೋ ಕಡೆ ಬಾಡಿಗೆದಾರರ ವಿವರ ಪೊಲೀಸ್ ಠಾಣೆಗೂ ಹೋಗುತ್ತದೆ. ಇದರ ಜೊತೆಗೆ ದೇಶದ ಠಾಣೆಗಳನ್ನೆಲ್ಲ ಜೋಡಿಸುವ ಸಿಸಿಟಿಎನ್‌ಎಸ್ ಅನ್ನೋ ಕಂಪ್ಯೂಟರ್ ವ್ಯವಸ್ಥೆ ಇದೆ. ಇದರಲ್ಲಿ ಸಿಕ್ಕಿಬೀಳುತ್ತಾನೆ ಅಂತ ನಾವು ವಾದ ಮಾಡುತ್ತೇವೆ. ಎಫ್‌ಐಆರ್ ಇಲ್ಲದೆ, ಸುಮ್ನೆ ಎಳೆದುಕೊಂಡು ಹೋಗಿ ಹೊಡೆದು, ದುಡ್ಡು ತೆಗೆದುಕೊಂಡು ಬಿಟ್ಟ ಹುಡುಗನ ಹೆಸರು ಅದರಲ್ಲಿ ಎಲ್ಲಿರುತ್ತದೆ ಅಂತ ಬೋರ್ಡ್ ಕೇಳುತ್ತದೆ. ಆ ಪ್ರಶ್ನೆ ತಪ್ಪಲ್ಲ. ಆದರೆ ಪೊಲೀಸರು ಊರಿನ ಮನೆಗೆ ಬಂದು ‘ಎಲ್ಲಿದ್ದಾನೆ ನಿಮ್ಮ ಮಗ’ ಅಂತ ಈಗಲೂ ಕೇಳುತ್ತಿದ್ದರೆ ಕಥೆ ಬೇರೆ. ಅಪ್ಪ ಅಮ್ಮನಿಗೂ ವಿಳಾಸ ಹೇಳದೆ ಬದುಕಬೇಕು ಅಂದರೆ ಅದು ಅಡಗಿ ಕೂತ ಹಾಗೇ ಆಯಿತು, ಸುರಕ್ಷಿತ ಜಾಗ ಅಲ್ಲ. ಕೆನಡಾದ ಫೆಡರಲ್ ಕೋರ್ಟ್ ಕೆಲವು ತೀರ್ಪುಗಳಲ್ಲಿ ಇದನ್ನು ಒಪ್ಪಿದೆ. ಕೊನೆಯ ಸಲ ಪೊಲೀಸರು ಯಾವಾಗ ಬಂದಿದ್ದರು ಅಂತ ಕೇಳಿ.

ಇನ್ನೊಬ್ಬರು: ಮೇಡಂ, ಬೇಜಾರು ಮಾಡ್ಕೋಬೇಡಿ, ಇದೆಲ್ಲ ಪಿಆರ್‌ಗೋಸ್ಕರ, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿಗೋಸ್ಕರ ಕಟ್ಟಿದ ಕಥೆ. ಪಂಜಾಬಿನಲ್ಲಿ ಸಿಖ್ಖರದೇ ಸರ್ಕಾರ, ಪೊಲೀಸರೂ ಸಿಖ್ಖರೇ. ಯಾರಿಗೆ ಅಪಾಯ?

ಉತ್ತರ: ಕಟ್ಟಿದ ಕಥೆಗಳು ಇವೆ, ನಾನೂ ನೋಡಿದ್ದೇನೆ. ಹಳ್ಳಿ ಹೆಸರು ಮಾತ್ರ ಬದಲಾಯಿಸಿ ಒಂದೇ ಕಥೆಯನ್ನು ಹತ್ತು ಜನರಿಗೆ ಮಾರುವ ಕನ್ಸಲ್ಟೆಂಟ್‌ಗಳಿದ್ದಾರೆ. ಅದರ ಏಟು ಬೀಳುವುದು ನಿಜವಾಗಿ ಒದೆ ತಿಂದವನಿಗೆ.

ಸಿಖ್ ಅನ್ನೋ ಒಂದೇ ಕಾರಣಕ್ಕೆ ಇವತ್ತು ಭಾರತದಲ್ಲಿ ಅಪಾಯ ಅಂತ ಯಾವ ವಕೀಲರೂ ವಾದ ಮಾಡುವುದಿಲ್ಲ, ಮಾಡಿದರೆ ನಿಲ್ಲುವುದೂ ಇಲ್ಲ. ಖಲಿಸ್ತಾನ್ ಪರ ಅಂತ ಗುರುತಾದವರು, ಉಗ್ರರಿಗೆ ಊಟ ಹಾಕಿದ ಅನುಮಾನ ಇರುವವರು, ಪೊಲೀಸರ ಮೇಲೆ ದೂರು ಕೊಟ್ಟವರು, ಇವರ ಲೆಕ್ಕ ಬೇರೆ. ಪೊಲೀಸರೂ ಸಿಖ್ಖರೇ ಅಂದಿರಿ. ಜಸ್ವಂತ್ ಸಿಂಗ್ ಖಾಲ್ರಾ ಅವರನ್ನು ನೆನಪಿಸಿಕೊಳ್ಳಿ. ಅಮೃತಸರದಲ್ಲಿ ಪೊಲೀಸರು ಗುಟ್ಟಾಗಿ ಸುಟ್ಟ ಹೆಣಗಳ ಲೆಕ್ಕವನ್ನು ಸ್ಮಶಾನದ ರಿಜಿಸ್ಟರ್‌ಗಳಿಂದಲೇ ಹೊರತೆಗೆದವರು. 1995ರ ಸೆಪ್ಟೆಂಬರ್‌ನಲ್ಲಿ ಅವರನ್ನೇ ಮನೆ ಮುಂದಿನಿಂದ ಎತ್ತಿಕೊಂಡು ಹೋದರು. ಆಮೇಲೆ ಸಿಬಿಐ ಆ ಒಂದೇ ಜಿಲ್ಲೆಯಲ್ಲಿ 2,097 ಹೆಣಗಳ ಲೆಕ್ಕ ಕೊಟ್ಟಿತು. ಖಾಲ್ರಾ ಕೊಲೆಗೆ 2005ರಲ್ಲಿ ಪೊಲೀಸರಿಗೇ ಶಿಕ್ಷೆ ಆಯಿತು.

ಆ ಕಾಲ ಈಗಿಲ್ಲ, ಸರಿ. ಆದರೆ ಠಾಣೆಯಲ್ಲಿ ಹೊಡೆಯುವುದು ನಿಂತಿದೆಯಾ? ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದ್ದು, ಇನ್ನೂ ಅನುಮೋದನೆ ಕೊಟ್ಟಿಲ್ಲ. ಇದನ್ನು ನಾವು ಪ್ರತಿ ಕೇಸಲ್ಲೂ ಬರೆಯುತ್ತೇವೆ.

ಯುರೋಪಿನಲ್ಲಿ 1996ರ ಚಾಹಲ್ ಕೇಸು ದೊಡ್ಡದು. ಕರಮ್‌ಜಿತ್ ಸಿಂಗ್ ಚಾಹಲ್ ದೇಶದ ಭದ್ರತೆಗೆ ಅಪಾಯ ಅಂತ ಬ್ರಿಟನ್ ಭಾರತಕ್ಕೆ ಕಳಿಸಲು ಹೊರಟಿತ್ತು. ಹಿಂಸೆ ಆಗುವುದಿಲ್ಲ ಅಂತ ಭಾರತ ಭರವಸೆಯನ್ನೂ ಕೊಟ್ಟಿತ್ತು. ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ಕೋರ್ಟ್ ಆ ಭರವಸೆ ಸಾಲದು ಅಂತ 12-7 ಮತಗಳಿಂದ ತಡೆಯಿತು. ಮನುಷ್ಯ ಎಂಥವನೇ ಆಗಿರಲಿ, ಹಿಂಸೆಗೆ ದೂಡುವಂತಿಲ್ಲ ಅಂತ.

ಮತ್ತೊಬ್ಬರು: ಅಮೆರಿಕಾದಿಂದ ಬೇಡಿ ಹಾಕಿ ವಿಮಾನ ತುಂಬಿ ಕಳಿಸಿದರಲ್ಲ, ಅವರನ್ನೆಲ್ಲ ಒಳಗೆ ಹಾಕಿದ್ರಾ?

ಉತ್ತರ: ಇಲ್ಲ. 2025ರ ಫೆಬ್ರವರಿ 5ಕ್ಕೆ ಮೊದಲ ವಿಮಾನ ಅಮೃತಸರಕ್ಕೆ ಬಂತು, 104 ಜನ. ವಿಚಾರಣೆ ಮಾಡಿ ಹೆಚ್ಚಿನವರನ್ನು ಮನೆಗೆ ಕಳಿಸಿದರು. ಆಮೇಲಿನ ವಿಮಾನದಲ್ಲಿ ಬಂದವರ ಪೈಕಿ ಹಳೆಯ ಕೇಸು ಇದ್ದ ಒಂದಿಬ್ಬರನ್ನು ಏರ್‌ಪೋರ್ಟ್‌ನಲ್ಲೇ ಹಿಡಿದರು. ಆಶ್ರಯ ಕೇಳಿದ್ದಷ್ಟಕ್ಕೇ ಜೈಲು ಅಂತೇನೂ ಇಲ್ಲ. ಗಡಿಯಲ್ಲಿ ತಡೆಯಿರಿ ಅನ್ನೋ ಪೊಲೀಸ್ ಸೂಚನೆ, ಅಂದರೆ ಲುಕ್ ಔಟ್ ಸರ್ಕ್ಯುಲರ್ ಇದ್ದರೆ, ಪಾಸ್‌ಪೋರ್ಟ್ ನಕಲಿ ಆಗಿದ್ದರೆ ಮಾತ್ರ ಇಮಿಗ್ರೇಷನ್ ಕೌಂಟರ್‌ನಿಂದಲೇ ತೊಂದರೆ ಶುರು. ಹೊಲ ಅಡವಿಟ್ಟು ಏಜೆಂಟ್‌ಗೆ ಸುರಿದ ಲಕ್ಷಗಟ್ಟಲೆ ಸಾಲ ನಿಜವಾದ ಕಷ್ಟವೇ, ಆದರೆ ಅದಕ್ಕೆ ರೆಫ್ಯೂಜಿ ಕಾನೂನಿನಲ್ಲಿ ಜಾಗ ಇಲ್ಲ.

ಪ್ರಶ್ನೆ ಕೇಳಿದವರು: ಮೇಡಂ, ಹೋದ ತಿಂಗಳೂ ಪೊಲೀಸರು ಅವನ ಮನೆಗೆ ಬಂದಿದ್ದರಂತೆ. ಇನ್ನೊಂದು, ಇವನು ಭಾರತದ ಕಾನ್ಸುಲೇಟ್ ಮುಂದಿನ ಪ್ರತಿಭಟನೆಗೆ ಹೋಗಿ ಫೇಸ್‌ಬುಕ್‌ನಲ್ಲಿ ಫೋಟೋ ಹಾಕಿದ್ದಾನೆ. ಅಳಿಸು ಅನ್ನಲಾ?

ಉತ್ತರ: ಅಳಿಸಬೇಡಿ, ಮೊದಲು ವಕೀಲರಿಗೆ ತೋರಿಸಿ. ಇಲ್ಲಿಗೆ ಬಂದ ಮೇಲೆ ಮಾಡಿದ ಕೆಲಸದಿಂದಲೂ ಅಪಾಯ ಹುಟ್ಟಬಹುದು. ಸಿಖ್ಸ್ ಫಾರ್ ಜಸ್ಟಿಸ್ ಅನ್ನೋ ಖಲಿಸ್ತಾನ್ ಪರ ಸಂಘಟನೆಗೆ ಭಾರತದಲ್ಲಿ 2019ರಿಂದ ಯುಎಪಿಎ ಅನ್ನೋ ಭಯೋತ್ಪಾದನೆ ತಡೆ ಕಾನೂನಿನ ಕೆಳಗೆ ನಿಷೇಧ ಇದೆ, ಅದರ ಬ್ಯಾನರ್ ಫೋಟೋದಲ್ಲಿದ್ದರೆ ತೂಕ ಜಾಸ್ತಿ. 2023ರಲ್ಲಿ ಕೆನಡಾದ ಸರ್ರೆಯಲ್ಲಿ ಖಲಿಸ್ತಾನ್ ಪರ ಮುಖಂಡ ಹರ್‌ದೀಪ್ ಸಿಂಗ್ ನಿಜ್ಜರ್ ಕೊಲೆ ಆದ ಮೇಲಂತೂ ಇಂಥ ಫೋಟೋಗಳನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಹಾಗಂತ ಕೇಸು ಗಟ್ಟಿ ಮಾಡಲು ಹೊಸ ಪೋಸ್ಟ್ ಹಾಕಿದರೆ ಬೋರ್ಡ್‌ಗೆ ಗೊತ್ತಾಗದೆ ಇರುವುದಿಲ್ಲ.

ಮನೆಗೆ ಬಂದಿದ್ದರ ಬಗ್ಗೆ ಅಪ್ಪ, ಊರಿನ ಸರಪಂಚ ಇಬ್ಬರಿಂದಲೂ ಅಫಿಡವಿಟ್ ತರಿಸಲಿ, ಸುಳ್ಳು ಒಂದಕ್ಷರ ಬೇಡ. ನೀವು ಪತ್ರ ಬರೆಯುವುದಾದರೆ ಕಣ್ಣಾರೆ ಕಂಡಿದ್ದನ್ನಷ್ಟೇ ಬರೆಯಿರಿ. ಅಂಗಾಲಿನ ಗುರುತಿಗೆ ಡಾಕ್ಟರ್ ವರದಿ ಬೇಕು. ಬೋರ್ಡ್‌ನ ಮೇಲ್ಮನವಿ ವಿಭಾಗಕ್ಕೆ ಹೋಗಲು ಕಾರಣಗಳ ಪತ್ರ ಕೈಗೆ ಬಂದ ದಿನದಿಂದ 15 ದಿನ ಮಾತ್ರ ಇರುತ್ತದೆ. ಗಡೀಪಾರಿಗೆ ಮುಂಚಿನ ಅಪಾಯದ ಪರಿಶೀಲನೆ, ನಾವು ಪಿಆರ್‌ಆರ್‌ಎ ಅನ್ನುತ್ತೇವಲ್ಲ, ಅದಕ್ಕೆ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು, ಅದನ್ನು ನಂಬಿ ಕೂರಬೇಡಿ. ಪತ್ರ ಯಾವಾಗ ಬಂತು?

ಪ್ರಶ್ನೆ ಕೇಳಿದವರು: ಹೋದ ಮಂಗಳವಾರ ಮೇಡಂ.

ಉತ್ತರ: ಹಾಗಾದರೆ ಟೈಮ್ ಇದೆ. ನಾಳೆ ಬೆಳಿಗ್ಗೆಯೇ ಲೀಗಲ್ ಏಡ್ ಒಂಟಾರಿಯೋಗೆ ಫೋನ್ ಮಾಡಿಸಿ, ಪಂಜಾಬಿಯಲ್ಲೇ ಮಾತಾಡಬೇಕು ಅಂದರೆ ಇಂಟರ್‌ಪ್ರಿಟರ್ ಕೇಳಲಿ. ಅರ್ಜಿ ಹಾಕಿಸಿದ್ದು ಕನ್ಸಲ್ಟೆಂಟ್ ಆಗಿದ್ದರೆ ಅವರ ಹತ್ತಿರ ಇರುವ ಫೈಲ್ ಪೂರ್ತಿ ವಾಪಸ್ ತೆಗೆದುಕೊಳ್ಳಲಿ, ಕೊಡಲ್ಲ ಅಂದರೆ ನನಗೆ ಮೆಸೇಜ್ ಮಾಡಿ.