ಭಾನುವಾರದ ಪ್ರಶ್ನೋತ್ತರ: ಎನ್‌ಕೆ ಕಣ ಯಾರನ್ನು ಕೊಲ್ಲುತ್ತದೆ, ಯಾರನ್ನು ಬಿಡುತ್ತದೆ?

ಅಡ್ಮಿನ್ (5:00): ಇವತ್ತು ಇಮ್ಯುನಾಲಜಿ ಡಾಕ್ಟರ್ ಮೇಡಂ ನಮ್ಮ ಜೊತೆ ಇದ್ದಾರೆ. ವಿಷಯ ಎನ್‌ಕೆ ಕಣ, ಅಂದರೆ ನ್ಯಾಚುರಲ್ ಕಿಲ್ಲರ್ ಸೆಲ್. ದಯವಿಟ್ಟು ಫಾರ್ವರ್ಡ್ ಬೇಡ, ಹೂವಿನ ಫೋಟೊ ಬೇಡ.

ಡಾಕ್ಟರ್ (5:04): ಎಲ್ಲರಿಗೂ ನಮಸ್ಕಾರ. ಎನ್‌ಕೆ ಕಣ ಒಂದು ಬಗೆಯ ಬಿಳಿ ರಕ್ತಕಣ. 1975ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾದಲ್ಲಿ ಇದಕ್ಕೆ ಈ ಹೆಸರು ಬಿತ್ತು. ಯಾರನ್ನು ಕೊಲ್ಲಬೇಕು ಅಂತ ತೀರ್ಮಾನಿಸುವುದು ಅದರ ಮೈಮೇಲಿನ ರಿಸೆಪ್ಟರ್‌ಗಳು, ಅಂದರೆ ಬೇರೆ ಕಣಗಳ ಗುರುತು ಹಿಡಿಯುವ ಪ್ರೋಟೀನ್‌ಗಳು. ನಮ್ಮ ಹೆಚ್ಚಿನ ಕಣಗಳ ಮೇಲೆ ಎಚ್‌ಎಲ್‌ಎ ಎಂಬ ಗುರುತು ಇರುತ್ತದೆ. ಬಸ್ ಪಾಸ್ ಅಂದುಕೊಳ್ಳಿ. ಎನ್‌ಕೆ ಕಣ ಕಂಡಕ್ಟರ್. ಪಾಸ್ ತೋರಿಸಿದರೆ ಮುಂದಿನ ಸೀಟಿಗೆ ಹೋಗುತ್ತದೆ. ವೈರಸ್ ಹೊಕ್ಕ ಕಣ, ಕ್ಯಾನ್ಸರ್ ಕಣ ಎಷ್ಟೋ ಸಲ ಟಿ ಕಣದ (ಇನ್ನೊಂದು ಬಗೆಯ ಕಾವಲು ಬಿಳಿ ಕಣ) ಕಣ್ಣು ತಪ್ಪಿಸಲು ಪಾಸನ್ನೇ ಎಸೆದುಬಿಡುತ್ತವೆ. ಆಗ ಕಂಡಕ್ಟರ್ ಕೈಗೆ ಸಿಗುತ್ತವೆ. ಕೇಳಿ ಈಗ.

ನಂಜನಗೂಡು ರಸಬಾಳೆ: ಮೇಡಂ, ಎನ್‌ಕೆ ಕಣ ಜಾಸ್ತಿ ಆಗೋಕೆ ಏನು ತಿನ್ನಬೇಕು?

ಡಾಕ್ಟರ್: ಹಾಗೆ ಹೆಸರಿಸಿ ಹೇಳುವಂಥ ತಿಂಡಿ ಯಾವುದೂ ಇಲ್ಲ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮಾಡಿ. ಎಣಿಕೆ ಜಾಸ್ತಿ ಆಗುವುದು ಒಳ್ಳೆಯದು ಅಂತ ಯಾರು ಹೇಳಿದರು?

ಗಣಿತ ಮೇಷ್ಟ್ರು: ಒಂದು ಅನುಮಾನ. ಕೆಂಪು ರಕ್ತಕಣದ ಮೇಲೆ ಎಚ್‌ಎಲ್‌ಎ ಇಲ್ಲವೇನೋ ಅನ್ನುವಷ್ಟು ಕಡಿಮೆ ಅಲ್ವಾ? ಪಾಸ್ ಇಲ್ಲ. ಹಾಗಾದರೆ ಅವೆಲ್ಲ ಸಾಯಬೇಕಿತ್ತಲ್ಲ?

ಡಾಕ್ಟರ್: ಆಹಾ, ಸರಿಯಾದ ಕಡೆ ಕೈ ಇಟ್ಟಿರಿ ಮೇಷ್ಟ್ರೇ. ನನ್ನ ಕಂಡಕ್ಟರ್ ಕಥೆ ಇಲ್ಲಿ ಸಾಲದು, ಡ್ರೈವರ್ ಬೇಕು. ಬ್ರೇಕಿನಿಂದ ಕಾಲು ತೆಗೆದ ಮಾತ್ರಕ್ಕೆ ಗಾಡಿ ಓಡುವುದಿಲ್ಲ, ಆಕ್ಸಿಲರೇಟರ್ ಒತ್ತಬೇಕು. ಎನ್‌ಕೆ ಕಣದಲ್ಲಿ ಎರಡೂ ಇವೆ. ಎಚ್‌ಎಲ್‌ಎ ಪಾಸ್ ನೋಡುವ ಕೆಐಆರ್ ಗುಂಪಿನ ರಿಸೆಪ್ಟರ್‌ಗಳಲ್ಲಿ ಹೆಚ್ಚಿನವು ಬ್ರೇಕ್. ಎನ್‌ಕೆಜಿ2ಡಿ ಆಕ್ಸಿಲರೇಟರ್. ಕಣ ಕಷ್ಟದಲ್ಲಿದ್ದಾಗ, ಅಂದರೆ ವೈರಸ್ ಬಂದಾಗ ಅಥವಾ ಡಿಎನ್‌ಎ ಕೆಟ್ಟಾಗ, ಮೈಮೇಲೆ ಮೈಕಾ ಎಂಬ ಪ್ರೋಟೀನ್ ಮೂಡುತ್ತದೆ. ಎನ್‌ಕೆಜಿ2ಡಿ ಅದನ್ನು ಹಿಡಿಯುತ್ತದೆ. ಕೆಂಪು ಕಣದಲ್ಲಿ ಒತ್ತಲು ಅಂಥದ್ದೇನೂ ಸಿಗುವುದಿಲ್ಲ. ಪಾಸ್ ಇಲ್ಲ, ತಕರಾರೂ ಇಲ್ಲ.

ದಾವಣಗೆರೆ ಬೆಣ್ಣೆ: ಮೇಡಂ, ಎನ್‌ಕೆ ಕಣ ಹೆಚ್ಚಿಸುವ ಆಹಾರ ಯಾವುದು?

ಡಾಕ್ಟರ್: ಮೇಲೆ ಹೇಳಿದ್ದೇನೆ.

ಮಲೆನಾಡು ಮಳೆ (5:31): ಮೇಡಂ, ನನಗೆ 31 ವರ್ಷ. ಎರಡು ಸಲ ಗರ್ಭ ನಿಂತು 8, 9ನೇ ವಾರದಲ್ಲಿ ಹೋಯಿತು. ಈಗ ಮತ್ತೆ 6 ವಾರ. ಒಂದು ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿ ಎನ್‌ಕೆ ಕಣ 19%, ಜಾಸ್ತಿ ಅಂದರು. ಎರಡು ವಾರಕ್ಕೊಮ್ಮೆ ಇಂಟ್ರಾಲಿಪಿಡ್ ಡ್ರಿಪ್, ಜೊತೆಗೆ ಸ್ಟೀರಾಯ್ಡ್ ಮಾತ್ರೆ ಹೇಳಿದ್ದಾರೆ. ನನ್ನ ಕಣಗಳೇ ಮಗುವನ್ನು ಕೊಲ್ಲುತ್ತಿವೆ ಅಂತ ಅತ್ತೆ ಎಲ್ಲರ ಮುಂದೆ ಹೇಳುತ್ತಾರೆ. ಹೌದಾ?

ಡಾಕ್ಟರ್: ಇಲ್ಲ. ಇದನ್ನು ಅತ್ತೆಗೂ ಓದಿ ಹೇಳಿ.

ರಕ್ತದ ಎನ್‌ಕೆ ಕಣ ಬೇರೆ, ಗರ್ಭಕೋಶದ್ದು ಬೇರೆ. ತೋಳಿನಿಂದ ತೆಗೆದ ರಕ್ತ ನೋಡಿ ಗರ್ಭಕೋಶದ ಒಳಗೆ ಏನಾಗುತ್ತಿದೆ ಅಂತ ಹೇಳಲು ಬರುವುದಿಲ್ಲ. ಸಾಮಾನ್ಯವಾಗಿ ರಕ್ತದ ಲಿಂಫೋಸೈಟ್ ಎಂಬ ಬಿಳಿ ಕಣಗಳಲ್ಲಿ 5ರಿಂದ 15% ಎನ್‌ಕೆ ಇರುತ್ತವೆ. ಲ್ಯಾಬಿನ ಮೆಟ್ಟಿಲು ಓಡಿ ಹತ್ತಿದರೂ ಈ ಎಣಿಕೆ ಏರುತ್ತದೆ. 19 ನೋಡಿ ಹೆದರಬೇಕಿಲ್ಲ.

ಇನ್ನು ಗರ್ಭಕೋಶ. ಮೊದಲ ಮೂರು ತಿಂಗಳು ಅಲ್ಲಿನ ಒಳಪದರದ ಬಿಳಿ ಕಣಗಳಲ್ಲಿ ಸುಮಾರು 70% ಎನ್‌ಕೆ ಕಣಗಳೇ. ಎಲ್ಲ ತಾಯಂದಿರಲ್ಲೂ ಹೀಗೇ. ಹೆಸರಿನಲ್ಲಿ ಕಿಲ್ಲರ್ ಇದೆ ಅಷ್ಟೇ, ಅಲ್ಲಿ ಅವು ಮಾಡುವುದು ಬಾಣಂತನಕ್ಕೆ ಮುಂಚಿನ ಚಾಕರಿ. ಮಗುವಿನ ಕಡೆಯ ಕಣಗಳಿಗೆ ದಾರಿ ಮಾಡಿಕೊಟ್ಟು ತಾಯಿಯ ರಕ್ತನಾಳ ಅಗಲವಾಗಲು ನೆರವಾಗುತ್ತವೆ. ರಕ್ತ ಚೆನ್ನಾಗಿ ಹರಿದರೆ ಮಗು ಬೆಳೆಯುತ್ತದೆ.

ನನಗೆ ಸೋಜಿಗ ಅನಿಸುವುದು ಇಲ್ಲಿ. ತಾಯಿಯ ಎನ್‌ಕೆ ಕಣದ ಮೇಲೆ ಕೆಐಆರ್. ಮಗುವಿನ ಕಣದ ಮೇಲೆ ಎಚ್‌ಎಲ್‌ಎ-ಸಿ, ಅದರಲ್ಲಿ ಅರ್ಧ ಅಪ್ಪನದು. ಕೆಲವು ತಾಯಂದಿರ ಕೆಐಆರ್ ಜೋಡಿಯಲ್ಲಿ ಹೆಚ್ಚುಕಡಿಮೆ ಬ್ರೇಕುಗಳೇ ಇರುತ್ತವೆ. ಅದಕ್ಕೆ ಎಎ ಅನ್ನುತ್ತಾರೆ. ಅಂಥ ತಾಯಿಗೆ ಸಿ2 ಎಂಬ ಬಗೆಯ ಎಚ್‌ಎಲ್‌ಎ-ಸಿ ಇರುವ ಮಗು ಬಂದರೆ ಬ್ರೇಕ್ ಜೋರಾಗಿ ಬೀಳುತ್ತದೆ. ರಕ್ತನಾಳ ಸರಿಯಾಗಿ ತೆರೆದುಕೊಳ್ಳದೆ, ಮುಂದೆ ಬಿಪಿ ಏರುವ ಪ್ರಿ-ಎಕ್ಲಾಂಪ್ಸಿಯಾದ ಸಾಧ್ಯತೆ ಹೆಚ್ಚುತ್ತದೆ. 2004ರಲ್ಲಿ ಕೇಂಬ್ರಿಡ್ಜ್ ತಂಡ ತೋರಿಸಿದ್ದು ಇದನ್ನೇ. ನೋಡಿ, ಅಲ್ಲಿ ತೊಂದರೆ ಎನ್‌ಕೆ ಕಣ ಕೆರಳಿದ್ದಲ್ಲ, ಸಾಕಷ್ಟು ಕೆರಳದೆ ಇದ್ದದ್ದು! ಎಲ್ಲರಿಗೂ ಒಂದೇ ಸಮನೆ ಅವನ್ನು ತಣ್ಣಗೆ ಮಾಡಲು ಹೊರಡುವುದು ಯಾವ ಲೆಕ್ಕ?

ಇಂಟ್ರಾಲಿಪಿಡ್ ಅಂದರೆ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಕೊಬ್ಬು. ಯುರೋಪಿನ ಎಶ್ರೆ ಸಂಸ್ಥೆಯ ಮಾರ್ಗಸೂಚಿ, ಗರ್ಭ ಮತ್ತೆ ಮತ್ತೆ ಹೋಗುವವರಿಗೆ ಎನ್‌ಕೆ ಪರೀಕ್ಷೆ ಮಾಡಿಸಲು ಸಾಕಷ್ಟು ಆಧಾರ ಇಲ್ಲ ಅನ್ನುತ್ತದೆ. ಆ ದುಡ್ಡಲ್ಲಿ ಇವನ್ನು ಕೇಳಿ ಮಾಡಿಸಿ: ಆಂಟಿ-ಫಾಸ್ಫೊಲಿಪಿಡ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಿಸುವ ಆಂಟಿಬಾಡಿ ಹುಡುಕುವುದು; ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೊಮ್ಮೆ), ಥೈರಾಯ್ಡ್, ಗರ್ಭಕೋಶದ ಆಕಾರ ನೋಡುವ ಸ್ಕ್ಯಾನ್. ಮೊದಲನೆಯದು ಪಾಸಿಟಿವ್ ಬಂದರೆ ಆಸ್ಪಿರಿನ್, ಹೆಪಾರಿನ್ ಇದೆ, ಕೆಲಸ ಮಾಡುತ್ತದೆ. ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಆ ಸಲದ ಕ್ರೋಮೋಸೋಮ್ ಎಡವಟ್ಟು. ನಿಮ್ಮ ತಪ್ಪಲ್ಲ. ಸ್ಟೀರಾಯ್ಡ್ ಈಗಾಗಲೇ ಶುರು ಮಾಡಿದ್ದರೆ ಮಾತ್ರ ನನ್ನ ಮಾತು ಕೇಳಿ ದಿಢೀರ್ ನಿಲ್ಲಿಸಬೇಡಿ, ಪ್ರಸೂತಿ ತಜ್ಞರನ್ನು ಕೇಳಿ.

ಮಲೆನಾಡು ಮಳೆ: ಮೇಡಂ, ಓದಿ ಅಳು ಬಂತು. ನಾಳೆಯೇ ಹೋಗುತ್ತೇನೆ.

ಬಯಲುಸೀಮೆ: ತಮ್ಮನಿಗೆ ಎಎಂಎಲ್, ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆ ಕಸಿಗೆ ಪೂರ್ತಿ ಮ್ಯಾಚ್ ಸಿಕ್ಕಿಲ್ಲ, ಅಮ್ಮನದು ಅರ್ಧ ಮ್ಯಾಚ್. ಅರ್ಧ ಅಂದರೆ ಕೆಲಸವೂ ಅರ್ಧವೇ?

ಡಾಕ್ಟರ್: ಅಲ್ಲ. 2002ರಲ್ಲಿ ಇಟಲಿಯ ಪೆರೂಜಾ ತಂಡ ಎಎಂಎಲ್ ರೋಗಿಗಳಲ್ಲಿ ಉಲ್ಟಾ ಕಂಡಿತು. ದಾನಿಯ ಎನ್‌ಕೆ ಕಣ ಹುಡುಕುವ ಪಾಸ್ ರೋಗಿಯಲ್ಲಿ ಇಲ್ಲದಿದ್ದಾಗ ಆ ಕಣ ಉಳಿದ ಲ್ಯುಕೇಮಿಯಾ ಕಣಗಳ ಮೇಲೆ ಬಿತ್ತು, ರೋಗ ಮರಳಿದ್ದು ಕಡಿಮೆ. ಬೇರೆ ವಿಧಾನದ ಕಸಿಗಳಲ್ಲಿ ಎಲ್ಲ ಕಡೆ ಅದೇ ಫಲ ಬರಲಿಲ್ಲ. ಕಸಿ ಮಾಡುವವರನ್ನೇ ಕೇಳಿ. ಅಮ್ಮನಿಗೆ ಧೈರ್ಯ ಹೇಳಿ.

ಕೋಲಾರ ಮಾವು: ಸೋರಿಯಾಸಿಸ್‌ಗೂ ಕೆಐಆರ್‌ಗೂ ಸಂಬಂಧ ಇದೆಯಾ ಮೇಡಂ?

ಹಿತೈಷಿ (6:10): *ಬಂದದ್ದನ್ನು ಹಾಗೇ ಕಳಿಸಿದ್ದೇನೆ:* ಅಮೃತಬಳ್ಳಿ ಕಷಾಯ 21 ದಿನ, ಪಪ್ಪಾಯಿ ಎಲೆ ರಸ 7 ದಿನ. ಎನ್‌ಕೆ ಕಣ ಮೂರು ಪಟ್ಟು! ಡಾಕ್ಟರ್‌ಗಳು ಇದನ್ನು ಹೇಳಲ್ಲ! 10 ಜನಕ್ಕೆ ಕಳಿಸಿ.

ಡಾಕ್ಟರ್: ಫಾರ್ವರ್ಡ್ ಬೇಡ ಅಂದಿದ್ದರಲ್ಲ? 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಕೆಟ್ಟ ಕೇಸುಗಳನ್ನು ವರದಿ ಮಾಡಿದ್ದಾರೆ. ಲಿವರ್ ಕಾಯಿಲೆ ಇದ್ದವರು, ಲೂಪಸ್, ಥೈರಾಯ್ಡ್‌ನಂಥ ಆಟೊಇಮ್ಯೂನ್ (ಮೈಯ ರಕ್ಷಣೆಯೇ ಮೈಮೇಲೆ ಬೀಳುವ) ಕಾಯಿಲೆ ಇದ್ದವರು ಮುಟ್ಟಬೇಡಿ.

ಹಿತೈಷಿ: ಆ ವರದಿಯನ್ನು ಆಯುಷ್ ಇಲಾಖೆ ಒಪ್ಪಿಲ್ಲ. ನಮ್ಮಜ್ಜಿ ದಿನಾ ಕುಡಿದು 94 ವರ್ಷ ಬದುಕಿದರು.

ಗಣಿತ ಮೇಷ್ಟ್ರು: ನಿಮ್ಮಜ್ಜಿ ದಿನಾ ಬಾವಿಯಿಂದ ನೀರೂ ಸೇದಿರುತ್ತಾರೆ. ಬಾವಿ ಹಗ್ಗವನ್ನೂ ಕಷಾಯ ಮಾಡೋಣವೇ?

ಹಿತೈಷಿ: ಹಿರಿಯರಿಗೆ ಮರ್ಯಾದೆ ಕೊಡಿ. ಮೇಷ್ಟ್ರಂತೆ!

ತುಂಗೆಯ ದಂಡೆ (6:18): ಮಗನಿಗೆ 9 ವರ್ಷ. ಡೆಂಗಿ ಅಂದರು. ಇವತ್ತಿಗೆ 11 ದಿನ, ಜ್ವರ ಬಿಟ್ಟಿಲ್ಲ. ಸ್ಪ್ಲೀನ್ (ಗುಲ್ಮ) ದಪ್ಪ ಆಗಿದೆ ಅಂತೆ. ಹಿಮೊಗ್ಲೋಬಿನ್, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಇಳಿಯುತ್ತಿವೆ. ಫೆರಿಟಿನ್ 14,000. ಯಾರಾದರೂ ಹೇಳಿ.

ದಾವಣಗೆರೆ ಬೆಣ್ಣೆ: ಪಪ್ಪಾಯಿ ಎಲೆ ರಸ ಕೊಡಿ ಅಣ್ಣಾ, ಪ್ಲೇಟ್‌ಲೆಟ್ ಏರುತ್ತೆ.

ಹಿತೈಷಿ: ನೋಡಿದ್ರಾ, ಜನ ನಂಬಿದ್ದಾರೆ. ಇಂಗ್ಲಿಷ್ ಔಷಧಿಯ ಏಜೆಂಟರಿಗೆ ಮಾತ್ರ ಉರಿ.

ಗಣಿತ ಮೇಷ್ಟ್ರು: ಯಾರು ಏಜೆಂಟ್? ನೇರ ಹೇಳಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ ಪ್ಲೀಸ್.

ಡಾಕ್ಟರ್ (6:52): ತುಂಗೆಯ ದಂಡೆಯವರೇ, ನಿಮ್ಮ ಪ್ರಶ್ನೆ ಈಗ ಕಣ್ಣಿಗೆ ಬಿತ್ತು. ಈ ಜಗಳದ ಕೆಳಗೆ 34 ನಿಮಿಷ ಬಿದ್ದಿತ್ತು. ಎಲ್ಲರೂ ಸುಮ್ನಿರಿ ಸ್ವಲ್ಪ.

ಅಪ್ಪಾ, ಇವತ್ತೇ ಮಕ್ಕಳ ಐಸಿಯು, ರಕ್ತರೋಗ ತಜ್ಞರು ಇರುವ ದೊಡ್ಡ ಆಸ್ಪತ್ರೆಗೆ ಹೊರಡಿ. ಬೆಳಿಗ್ಗೆಗೆ ಕಾಯಬೇಡಿ. ಅಲ್ಲಿ ಕೇಳಬೇಕಾದದ್ದು ಒಂದೇ: "ಇದು ಎಚ್‌ಎಲ್‌ಎಚ್ ಇರಬಹುದೇ?" ಡೆಂಗಿಯಲ್ಲೂ ಫೆರಿಟಿನ್, ಅಂದರೆ ಕಬ್ಬಿಣ ಕೂಡಿಡುವ ಪ್ರೋಟೀನ್, ಏರುತ್ತದೆ. ಆದರೆ ಬಿಡದ ಜ್ವರ, ದಪ್ಪ ಸ್ಪ್ಲೀನ್, ಮೂರೂ ಕಣ ಇಳಿಕೆ, ಮಗುವಿನಲ್ಲಿ 10,000 ದಾಟಿದ ಫೆರಿಟಿನ್, ಇವೆಲ್ಲ ಒಟ್ಟಿಗೆ ಬಂದರೆ ನನಗೆ ಭಯ. ಎಚ್‌ಎಲ್‌ಎಚ್ ಅಂದರೆ ರೋಗನಿರೋಧಕ ಕಣಗಳು ಹದ್ದುಮೀರಿ ಕೆರಳುವ ಕಾಯಿಲೆ. ಎನ್‌ಕೆ ಕಣ, ಟಿ ಕಣ ತಮ್ಮ ಗುರಿಯನ್ನು ಕೊಂದು ಮುಗಿಸಬೇಕು. ಮುಗಿಸಲಾಗದಿದ್ದರೆ ಸಹಾಯಕ್ಕೆ ಕೂಗುತ್ತಲೇ ಇರುತ್ತವೆ. ಆ ಕೂಗಿಗೆ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕಣಗಳು ಕೆರಳಿ ಸ್ವಂತ ರಕ್ತಕಣಗಳನ್ನೇ ನುಂಗುತ್ತವೆ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಪರ್ಫೊರಿನ್ ಎಂಬ ಕೊಲ್ಲುವ ಪ್ರೋಟೀನಿನಲ್ಲಿ ದೋಷ ಇರುತ್ತದೆ. ಕೆಲವರಿಗೆ ಸೋಂಕಿನಿಂದ ಹೀಗಾಗುತ್ತದೆ. ಟ್ರೈಗ್ಲಿಸರೈಡ್, ಫೈಬ್ರಿನೊಜೆನ್ ನೋಡಿಸಿ. ಕಂಕುಳು, ತೊಡೆಸಂದಿಯಲ್ಲಿ ಕಪ್ಪು ಹೆಕ್ಕಳೆ ಇದೆಯಾ ಈಗಲೇ ನೋಡಿ. ಸ್ಕ್ರಬ್ ಟೈಫಸ್, ಅಂದರೆ ಸಣ್ಣ ಹುಳ ಕಚ್ಚಿದಲ್ಲಿ ಇಂಥ ಹೆಕ್ಕಳೆ ಮೂಡುವ ಜ್ವರದಿಂದಲೂ ಹೀಗಾಗಬಹುದು, ಅದಕ್ಕೆ ಔಷಧಿ ಬೇರೆ. ಬಾಯಿಗೆ ಯಾವ ಎಲೆ ರಸವೂ ಬೇಡ.

ಹಿತೈಷಿ: ಎಲೆ ರಸದಿಂದ ಯಾರೂ ಸತ್ತಿಲ್ಲ.

ಡಾಕ್ಟರ್: ನೀವು ಈಗ ಬಾಯಿ ಮುಚ್ಚಿ.

ಅಡ್ಮಿನ್: ಹಿತೈಷಿಯವರನ್ನು ಇವತ್ತಿನ ಮಟ್ಟಿಗೆ ಮ್ಯೂಟ್ ಮಾಡಿದ್ದೇನೆ.

ಹೊಸ ಸದಸ್ಯ: ನಮಸ್ತೆ ಮೇಡಂ, ಎನ್‌ಕೆ ಕಣ ಹೆಚ್ಚಿಸಲು ಯಾವ ಹಣ್ಣು ಒಳ್ಳೆಯದು?

ತುಂಗೆಯ ದಂಡೆ (7:15): ಮೇಡಂ, ಕಂಕುಳಲ್ಲಿ ಕಾಳಿನಷ್ಟು ಕಪ್ಪು ಹೆಕ್ಕಳೆ ಇದೆ. ಇರುವೆ ಕಚ್ಚಿದ್ದು ಅಂದುಕೊಂಡಿದ್ದೆವು. ಆಂಬುಲೆನ್ಸ್ ಬಂದಿದೆ.

ಡಾಕ್ಟರ್: ಅದನ್ನು ಕೀಳಬೇಡಿ. ಒಳಗೆ ಹೋದ ಕೂಡಲೇ ಮೊದಲು ಅದನ್ನೇ ತೋರಿಸಿ. ಫೆರಿಟಿನ್ ರಿಪೋರ್ಟ್ ಜೇಬಿನಲ್ಲಿರಲಿ. ತಲುಪಿದ ಮೇಲೆ ಮೆಸೇಜ್ ಹಾಕಿ, ನಾನು ಎಚ್ಚರ ಇರುತ್ತೇನೆ.